ಇಳಿವಯಸ್ಸಿನ ನೋವು, ನಂಬಿಕೆ, ಪ್ರಾರ್ಥನೆ: ಬೀದರಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಿಯಾದ ಮೇಲೆ ನಾನು ವಾರಕ್ಕೆ ಎರಡು ದಿನ ನಮ್ಮ ಚರ್ಚಿನ ಸಭೆಯಲ್ಲಿ ಹಾಸಿಗೆ ಹಿಡಿದವರ, ಹೊಸ್ತಿಲು ದಾಟಲಾಗದವರ ಮನೆಗಳಿಗೆ ಹೋಗುತ್ತೇನೆ. ಹೆಚ್ಚಾಗಿ ಬೀದರ ಊರೊಳಗೆ, ಕೆಲವು ಸಲ ಹುಮನಾಬಾದ್, ಭಾಲ್ಕಿ ಕಡೆಯ ಹಳ್ಳಿಗಳಿಗೂ. ನಾನು ಪಾಸ್ಟರ್ ಅಲ್ಲ, ಡಾಕ್ಟರೂ ಅಲ್ಲ. ಲಕ್ವಾ ಹೊಡೆದ ಗಂಡನನ್ನು ನಾಲ್ಕು ವರ್ಷ ನೋಡಿಕೊಂಡವಳು. ಈಗ ನನಗೇ 71. ಎರಡೂ ಮೊಣಕಾಲು ಸವೆದಿವೆ, ಎಡಗಿವಿ ಕೇಳುವುದಿಲ್ಲ.

ಚಹಾ ಕುಡಿದು ಏಳುವ ಹೊತ್ತಿಗೆ ಯಾರಾದರೂ ಒಬ್ಬರು ದನಿ ತಗ್ಗಿಸಿ ಏನೋ ಕೇಳುತ್ತಾರೆ. ಮನೆ ಬೇರೆ, ಪ್ರಶ್ನೆ ಬಹುಪಾಲು ಅದೇ. ಅದಕ್ಕೆ ಬರೆದಿಟ್ಟೆ. ಪ್ರಶ್ನೆಗಳನ್ನು ಅವರಾಡಿದ ಮಾತಿನಲ್ಲೇ ಬಿಟ್ಟಿದ್ದೇನೆ. ಉತ್ತರ ಮಾತ್ರ ಅಕ್ಕೋರ, ಅಂದರೆ ಶಾಲೆಯ ಟೀಚರಮ್ಮನ, ಕನ್ನಡದಲ್ಲಿ ಬಂದಿದೆ, ರೂಢಿ ಬಿಡುವುದಿಲ್ಲ.

ಇಷ್ಟು ವರ್ಷ ದೇವರನ್ನ ನಂಬ್ಕೊಂಡು ಬಂದೀನಿ. ಕಡೀಗಿ ನನಗ್ಯಾಕ ಈ ನೋವು? ಏನ್ ಪಾಪ ಮಾಡೀನ್ರಿ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಹಿಂದಿನ ಜನ್ಮದ ಕರ್ಮ ಅನ್ನುವ ಮಾತು ನಮ್ಮ ಕಡೆ ಗಾಳಿಯಲ್ಲೇ ಇದೆ. ಚರ್ಚಿನೊಳಗೆ ಬರುವಾಗ ಅದು ಅಂಗಿ ಬದಲಿಸಿಕೊಂಡು ‘ಮುಚ್ಚಿಟ್ಟ ಪಾಪ’ ಆಗಿ ಬರುತ್ತದೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಯೇಸು ಇವನೂ ಅಲ್ಲ, ಅವರೂ ಅಲ್ಲ ಅಂದುಬಿಟ್ಟರು. ಸಿಲೋವಾದ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿಯೂ ಹಾಗೇ. ಅವರೇನು ಉಳಿದವರಿಗಿಂತ ಹೆಚ್ಚಿನ ತಪ್ಪಿತಸ್ಥರಾಗಿರಲಿಲ್ಲ ಅಂತ ಲೂಕನ ಸುವಾರ್ತೆಯಲ್ಲಿದೆ.

ತಪ್ಪು ಮಾಡದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಪುಸ್ತಕ ಸತ್ಯವೇದದಲ್ಲಿದೆ, ಅದನ್ನು ಪೂರ್ತಿ ಓದಿದವರು ಕಡಿಮೆ. ಮೊದಲೆರಡು ಅಧ್ಯಾಯ, ಕೊನೆಯ ಒಂದು ಅಧ್ಯಾಯ, ಮುಗಿಯಿತು. ನಡುವೆ ಏನಿದೆ ನೋಡಿ. ಮೂವರು ಗೆಳೆಯರು ಬಂದು ಏಳು ದಿನ, ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಯೋಬ ಗೋಳು ತೋಡಿಕೊಂಡಾಗ ಬಾಯಿ ತೆರೆದರು, ‘ನೀನೇನೋ ಮಾಡಿರಬೇಕು’ ಅಂತ ಶುರುವಾಯಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ಪಾಠ ಹೇಳಿದ ಗೆಳೆಯರ ಮೇಲೆ. ಇನ್ನೊಂದು ಮಾತು: ತನಗೆ ಯಾಕೆ ಹೀಗಾಯಿತು ಅಂತ ಯೋಬನಿಗೆ ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಓದುವ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಮೊಣಕಾಲ ಚಿಪ್ಪಿನ ಒಳಗಿನ ಮೆತ್ತನೆ ಪದರ ಸವೆಯುವುದು ಪಾಪದಿಂದಲ್ಲ. ಐವತ್ತು ವರ್ಷ ತೊಗರಿ ಹೊಲದಲ್ಲಿ ಬಗ್ಗಿ ಎದ್ದವರ ಮೊಣಕಾಲು ಅದು.

ಬೆಂಕಿಗಿ ಹಾಕಿದ್ರೇನೇ ಬಂಗಾರ ಹೊಳೀತದ ಅಂತಾರ. ದೇವ್ರು ನಮ್ಮನ್ನ ಹೊಳಪು ಮಾಡ್ಲಿಕ್ಕೇ ನೋವು ಕೊಡ್ತಾನೇನು?

ಬೀದರಿನಲ್ಲಿ ಚರ್ಚಿನ ಪ್ರಸಂಗ ಕೇಳಿದವರಿಗೆ ಬಂಗಾರಕ್ಕಿಂತ ಬಿದ್ರಿ ಉದಾಹರಣೆ ಹತ್ತಿರದ್ದು. ಸತು ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ತಿಕ್ಕಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಎದ್ದು ಕಾಣುತ್ತದೆ. ನೋವೂ ಹಾಗೇ ಅಂತ ನಾನೇ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳಿದ್ದುಂಟು. ಗಂಡನ ಬೆನ್ನಿನ ಹುಣ್ಣು ತೊಳೆಯುತ್ತಿದ್ದ ಒಂದು ಮಧ್ಯಾಹ್ನ ಸಭೆಯವರೊಬ್ಬರು ಬಂದು ಬಾಗಿಲಲ್ಲಿ ನಿಂತು ಅದೇ ಉದಾಹರಣೆ ಕೊಟ್ಟರು. ಅಂದಿನಿಂದ ಬಿಟ್ಟುಬಿಟ್ಟೆ. ಬಿದ್ರಿ ಹೂಜಿಗೆ ರಾತ್ರಿ ಬೆನ್ನು ಉರಿಯುವುದಿಲ್ಲವಲ್ಲ.

ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ರೋಮಾಪುರದವರಿಗೆ ಬರೆದದ್ದು ನಿಜ. ಅವನು ಅದನ್ನು ಹೇಳಿದ್ದು ‘ನಾವು’ ಅಂತ, ಏಟು ತಿಂದ ತನ್ನ ಬೆನ್ನನ್ನು ಲೆಕ್ಕಕ್ಕೆ ಹಿಡಿದು. ನೋವಿನಲ್ಲಿದ್ದವರು ತಮ್ಮ ಬಾಯಿಂದ ತಾವೇ ಹೇಳಿದರೆ ಅದು ಸಾಕ್ಷಿ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತವರು ಹೇಳಿದರೆ ಯೋಬನ ಗೆಳೆಯರ ಮಾತು.

ನೋವು ತಾನಾಗಿ ಯಾರನ್ನೂ ಬೆಳೆಸುವುದಿಲ್ಲ. ಎಷ್ಟೋ ಜನರನ್ನು ಕಹಿ ಮಾಡಿ ಹಾಕಿದ್ದನ್ನು ಕಂಡಿದ್ದೇನೆ. ಬೆಳೆದವರನ್ನೂ ಕಂಡಿದ್ದೇನೆ, ಅದು ಅವರಿಗೇ ಗೊತ್ತಿರುವುದಿಲ್ಲ. ಒಬ್ಬ ಅಜ್ಜಿ ಇದ್ದಾರೆ. ಸೊಸೆ ಬಡಿದ ರೊಟ್ಟಿಗೆ ಹೆಸರಿಡದೆ ಅವರಿಗೆ ಒಂದು ದಿನವೂ ಹೊತ್ತು ಹೋಗುತ್ತಿರಲಿಲ್ಲ. ಈಗ ಹಲ್ಲಿಲ್ಲ, ಕೈ ನಡುಗುತ್ತದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅದೇ ಸೊಸೆ ಉಣಿಸುತ್ತಾಳೆ. ಒಂದೊಂದು ತುತ್ತಿಗೂ ಅಜ್ಜಿ ಕಣ್ಣು ಮುಚ್ಚಿ ‘ಯಪ್ಪಾ, ಇಕಿ ಕೈ ತಂಪಿರ್ಲಿ’ ಅನ್ನುತ್ತಾರೆ. ಸೊಸೆ ನನ್ನನ್ನು ನೋಡಿ ನಗುತ್ತಾಳೆ. ಪ್ರಾರ್ಥನೆಯಲ್ಲಿ ಬೆಳೆಯುವುದು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಹಾಲಿನ ಬಟ್ಟಲು.

ಮೊಣಕಾಲೂರ್ಲಿಕ್ಕೆ ಆಗಲ್ರಿ. ಕುರ್ಚಿ ಮ್ಯಾಲೆ ಕೂತು ಪ್ರಾರ್ಥನಾ ಮಾಡಿದ್ರ ನಡೀತದಾ?

ನಡೆಯುತ್ತದೆ. ಮುದುಕ ಯಾಕೋಬ ಕೋಲಿಗೆ ಒರಗಿ ಆರಾಧಿಸಿದ. ಕಾಯಿಲೆ ಬಿದ್ದ ರಾಜ ಹಿಜ್ಕೀಯ ಹಾಸಿಗೆಯಲ್ಲೇ ಗೋಡೆ ಕಡೆ ಮುಖ ತಿರುಗಿಸಿ ಬೇಡಿಕೊಂಡ. ದಾವೀದ ಕುಳಿತೇ ಪ್ರಾರ್ಥಿಸಿದ ಅಂತ 2 ಸಮುವೇಲ 7ರಲ್ಲಿದೆ. ಊರಿದರೆ ಏಳಿಸಲು ಇಬ್ಬರು ಬೇಕಾಗುವವರು ದಯವಿಟ್ಟು ಊರಬೇಡಿ. ಬಿದ್ದು ತೊಡೆಯ ಎಲುಬು ಮುರಿದುಕೊಂಡರೆ ಆಮೇಲಿನ ಕಥೆಯೇ ಬೇರೆ.

ಕೆಲವು ದಿನ ದೇವರ ಮ್ಯಾಲೇ ಸಿಟ್ಟು ಬರ್ತದ. ಬಾಯಿಗಿ ಬಂದಂಗ ಅಂದುಬಿಡ್ತೀನಿ. ಹಂಗ ಅನ್ನಬಾರದಲ್ಲ?

ಅನ್ನಬಾರದು ಅಂತ ನಮಗೆ ಕಲಿಸಿದವರು ಯಾರು ಅಂತ ಯೋಚಿಸುತ್ತಿರುತ್ತೇನೆ. ಸತ್ಯವೇದ ಅಂತೂ ಅಲ್ಲ. ಅದರೊಳಗಿನ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗೋಳಿನ ಕೀರ್ತನೆಗಳೇ. ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ 13ನೆಯದು ಕೇಳುತ್ತದೆ. ಎದ್ದೇಳು, ಯಾಕೆ ನಿದ್ದೆ ಮಾಡುತ್ತಿದ್ದೀ ಅಂತ 44ನೆಯದು ದೇವರನ್ನೇ ಗದರಿಸಿ ಎಬ್ಬಿಸುತ್ತದೆ. 88ನೆಯದಂತೂ ಕತ್ತಲೆ ಎಂಬ ಮಾತಿನಲ್ಲೇ ಮುಗಿದುಹೋಗುತ್ತದೆ. ಕೊನೆಗೆ ಒಂದು ಸ್ತೋತ್ರವಾದರೂ ಇರಬೇಕಿತ್ತಲ್ಲ ಅಂತ ಹುಡುಕಿದರೆ ಇಲ್ಲ. ಭಾನುವಾರದ ಆರಾಧನೆಯಲ್ಲಿ ಅದನ್ನು ಓದಿದ್ದು ನಾನು ಕೇಳಿಲ್ಲ, ಓದಬೇಕಿತ್ತು ಅನ್ನಿಸುತ್ತದೆ. ಹಿಂದಿನ ಬೆಂಚಿನಲ್ಲಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಕುಳಿತವರಿಗೆ ತಾವು ಹೊರಗಿನವರಲ್ಲ ಅಂತ ತಿಳಿಯುತ್ತಿತ್ತು.

ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ 22ನೇ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಕೈಬಿಟ್ಟಿದ್ದೀ ಅಂತ ಆಕ್ಷೇಪಿಸುವಾಗಲೂ ‘ನನ್ನ’ ಅನ್ನುವುದು ಹೋಗಿಲ್ಲ, ಅದೂ ಎರಡು ಸಲ. ಮನೆಯವರ ಮೇಲೆ ತಾನೇ ನಾವು ಸಿಟ್ಟಾಗುವುದು? ದಾರಿಯಲ್ಲಿ ಹೋಗುವವರ ಮೇಲೆ ಯಾರು ಸಿಟ್ಟಾಗುತ್ತಾರೆ?

ನನಗೆ ಹೆದರಿಕೆ ಆಗುವುದು ಸಿಟ್ಟಾದವರನ್ನು ಕಂಡಲ್ಲ. ‘ಎಲ್ಲಾ ಆರಾಮ ರೀ, ದೇವರ ದಯಾ’ ಅಂತ ಗೋಡೆ ನೋಡಿಕೊಂಡು ಹೇಳುವವರನ್ನು ಕಂಡು.

ಮೊದಲ ಅರ್ಧಾ ತಾಸು ಪ್ರಾರ್ಥನಾ ಮಾಡ್ತಿದ್ದೆ. ಈಗ ಎರಡು ಮಾತಿಗಿ ತಪ್ಪಿ ಹೋಗ್ತದ, ಇಲ್ಲಾ ನಿದ್ದಿ ಬರ್ತದ. ನನ್ನ ನಂಬಿಕಿ ಕಮ್ಮಿ ಆಗ್ಲಕತ್ತದೇನು?

ಇಲ್ಲ. ಪ್ರಾರ್ಥನೆ ಚಿಕ್ಕದಾಗುತ್ತಿದೆ, ಅಷ್ಟೆ. ಇದಕ್ಕೆ ನಾನು ಪುಸ್ತಕದಿಂದ ಉತ್ತರ ಕೊಡುವುದಿಲ್ಲ, ನಮ್ಮ ಮನೆಯದನ್ನು ಹೇಳುತ್ತೇನೆ.

ನನ್ನ ಗಂಡ ಸಭೆಯಲ್ಲಿ ಉದ್ದ ಪ್ರಾರ್ಥನೆಗೆ ಹೆಸರಾದವರು. ಅವರು ಎದ್ದು ನಿಂತರೆ ಮಕ್ಕಳು ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಿದ್ದರು. ಲಕ್ವಾ ಹೊಡೆದದ್ದು ಬಲಗಡೆಗೆ, ಜೊತೆಗೆ ಮಾತೂ ಹೋಯಿತು. ಉಳಿದದ್ದು ಒಂದೇ ಮಾತು, ‘ಆಯ್ತು’. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸಿಟ್ಟು ಬಂದರೆ ಗಟ್ಟಿಯಾಗಿ ಆಯ್ತು. ಮೊದಲ ಆರು ತಿಂಗಳು ನಾವಿಬ್ಬರೂ ಅತ್ತದ್ದೇ ಹೆಚ್ಚು.

ಒಂದು ಸಂಜೆ ದೀಪ ಹಚ್ಚಿ, ಅವರ ಬಲಗೈಯನ್ನು ಎತ್ತಿ ಎಡಗೈಯೊಳಗೆ ಇಟ್ಟು, ಎರಡನ್ನೂ ನನ್ನ ಕೈಯಲ್ಲಿ ಹಿಡಿದು, ನಾನೇ ಪರಲೋಕ ಪ್ರಾರ್ಥನೆ ಶುರು ಮಾಡಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂದೆ. ಮುಂದಿನ ಸಾಲು ಅವರ ಬಾಯಿಂದ ಬಂತು. ತೊದಲುತ್ತಾ, ಆದರೆ ಪೂರ್ತಿ. ‘ಅನುದಿನದ ಆಹಾರ’ದವರೆಗೂ ಬಂದರು. ಮರುದಿನ ‘ನೀರು’ ಅನ್ನಿ ಅಂದರೆ ಅದೇ ‘ಆಯ್ತು’.

ನಾನು ಇದನ್ನು ಅದ್ಭುತ ಅಂತ ಸಾಕ್ಷಿ ಹೇಳಿದೆ. ಆಮೇಲೆ ಡಾಕ್ಟರು ತಿಳಿಸಿ ಹೇಳಿದರು: ಮಾತು ಕಟ್ಟುವ ಭಾಗಕ್ಕೆ ಪೆಟ್ಟು ಬಿದ್ದರೂ, ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆ, ಹಾಡು, ಎಣಿಕೆ ಎಷ್ಟೋ ಜನರಲ್ಲಿ ಉಳಿದುಕೊಂಡಿರುತ್ತವಂತೆ. ಮರೆವಿನ ಕಾಯಿಲೆಯವರಲ್ಲೂ ಹಾಡು ಕೊನೆಯವರೆಗೆ ಇರುತ್ತದಂತೆ. ಕಾರಣ ಗೊತ್ತಾದ ಮೇಲೆ ನನಗೆ ಬೇಸರವಾಗಲಿಲ್ಲ. ಅವರಿಗೆ ಅದನ್ನು ಕಲಿಸಿದ್ದು ಅವರ ಅಜ್ಜಿ, ಅಕ್ಷರ ಬಾರದವರು, ರೊಟ್ಟಿ ಬಡಿಯುತ್ತಾ ಒಂದೊಂದೇ ಸಾಲು. ಎಪ್ಪತ್ತು ವರ್ಷದ ಕೆಳಗೆ ಆ ಅಜ್ಜಿ ಇಟ್ಟದ್ದು ಅಂದು ಸಂಜೆ ಸಿಕ್ಕಿತು.

ಕಡೆಕಡೆಗೆ ಅವರ ಪ್ರಾರ್ಥನೆ ಆ ‘ಆಯ್ತು’ ಒಂದೇ ಆಯಿತು. ನಾನು ಹೇಳಿ ಮುಗಿಸಿದರೆ ಆಮೆನ್ ಬದಲು ಆಯ್ತು. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ನಾನು ಅದನ್ನು ನೂರು ಸಲ ಓದಿದ್ದೆ, ಅರ್ಥವಾಗಿರಲಿಲ್ಲ.

ಹಾಗಾಗಿ ಎರಡು ಮಾತು ಬಂದರೆ ಎರಡೇ ಹೇಳಿ. ‘ಕರ್ತನೇ, ಕರುಣಿಸು’ ಸಾಕು. ಉಸಿರು ಎಳೆದಾಗ ಒಂದು, ಬಿಟ್ಟಾಗ ಒಂದು. ನಡುವೆ ನಿದ್ದೆ ಬಂದರೆ ಮಲಗಿ.

ವಾಸಿ ಮಾಡು ಅಂತ ವರ್ಷಗಟ್ಟಲೆ ಕೇಳೀನಿ, ಕೊಡಲಿಲ್ಲ. ಇನ್ನೂ ಕೇಳಬೇಕಾ, ಬಿಡಬೇಕಾ?

ಪೌಲ ತನ್ನ ಶರೀರದಲ್ಲಿ ನಾಟಿದ ಶೂಲ ತೆಗೆದುಹಾಕು ಅಂತ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಅದೇನು ಶೂಲ, ಕಣ್ಣಿನದೋ ಬೇರೆಯದೋ, ಅವನು ಬರೆದಿಲ್ಲ. ಬರೆಯದೆ ಬಿಟ್ಟದ್ದರಿಂದ ನಮ್ಮ ನಮ್ಮ ಶೂಲವನ್ನು ಅಲ್ಲಿ ಇಟ್ಟು ಓದಬಹುದು. ಗೆತ್ಸೆಮನೆ ತೋಟದಲ್ಲಿ ಯೇಸು ಮೂರು ಸಲ ಕೇಳಿದ್ದೂ ಈ ಕಷ್ಟದ ಪಾತ್ರೆ ದೂರವಾಗಲಿ ಅಂತಲೇ. ದೂರವಾಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕೇಳಬೇಕು ಅನ್ನಿಸುವವರೆಗೆ ಕೇಳಿ. ಒಂದು ದಿನ ನಿಮ್ಮ ಪ್ರಾರ್ಥನೆ ‘ವಾಸಿ ಮಾಡು’ ಇಂದ ‘ಈ ರಾತ್ರಿ ಜೊತೆಗಿರು’ ಕಡೆ ತಾನಾಗಿ ಹೊರಳಬಹುದು. ಬೇರೆಯವರು ತಳ್ಳಿ ಹೊರಳಿಸಬಾರದು.

ಪ್ರಾರ್ಥನಾ ಮಾಡಿಸ್ಕೊಂಡ ಮ್ಯಾಲೆ ಗುಳಗಿ ತಗೊಂಡ್ರ ನಂಬಿಕಿ ಇಲ್ಲದಂಗ ಆಗ್ತದಂತ, ಖರೇನಾ?

ಖರೆ ಅಲ್ಲ. ಈ ಮಾತು ಕೇಳಿದರೆ ನನ್ನ ಬಿಪಿ ಏರುತ್ತದೆ. ರೋಗ ವಾಸಿಯಾಗಲಿ ಅಂತ ಪ್ರಾರ್ಥಿಸುವ ಒಂದು ಸ್ವಸ್ಥತೆಯ ಕೂಟದಲ್ಲಿ ನನ್ನ ಗಂಡನಿಗೂ ಹೀಗೇ ಹೇಳಿದ್ದರು. ಮಾತ್ರೆ ನಿಲ್ಲಿಸಿ, ನಂಬಿಕೆಯಿಂದ ಎದ್ದು ನಡೆಯಿರಿ ಅಂತ ಅವರ ತೋಳು ಹಿಡಿದು ಎಳೆದರು. ಅವರು ಏಳಲಿಲ್ಲ. ‘ಮನೆಯಲ್ಲಿ ಯಾರಿಗೋ ನಂಬಿಕೆ ಕಡಿಮೆ ಇದೆ’ ಅಂತ ಮೈಕಿನಲ್ಲೇ ಅಂದರು. ಆಟೋದಲ್ಲಿ ಬರುವಾಗ ಅವರು ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ಲೂಕನನ್ನು ಪೌಲ ಪ್ರಿಯ ವೈದ್ಯ ಅಂತಲೇ ಕರೆದಿದ್ದಾನೆ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಪತ್ರದಲ್ಲಿ ಬರೆದಿದ್ದಾನೆ. ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುತ್ತದೆ, ಔಷಧ ಬಿಸಾಡಿ ಅಂತ ಹೇಳುವುದಿಲ್ಲ.

ಬಿಪಿ, ಸಕ್ಕರೆ, ಫಿಟ್ಸ್, ಹೃದಯದ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ. ಉಪವಾಸ ಪ್ರಾರ್ಥನೆಯ ವಿಷಯವೂ ಇದರ ಜೊತೆಗೇ ಬರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಉಪವಾಸ ಹಿಡಿದರೆ ಸಕ್ಕರೆ ಒಮ್ಮೆಲೇ ಇಳಿದು, ಬೆವರಿ ನಡುಗಿ ಪ್ರಜ್ಞೆ ತಪ್ಪಬಹುದು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಊಟ ಬಿಡಲೇಬೇಕು ಅನ್ನಿಸಿದರೆ ಟಿವಿ ಧಾರಾವಾಹಿ ಬಿಡಿ. ತಮಾಷೆಗೆ ಹೇಳುತ್ತಿಲ್ಲ, ನಾನು ಪ್ರಯತ್ನಿಸಿದ್ದೇನೆ, ಊಟ ಬಿಡುವುದಕ್ಕಿಂತ ಕಷ್ಟ.

ನೋವಿನ ಮಾತ್ರೆ ಬೇಡ, ಯೇಸು ಎಷ್ಟು ನೋವು ತಿಂದರು ಅಂತ ಹಲ್ಲು ಕಚ್ಚಿ ಸಹಿಸುವವರಿದ್ದಾರೆ. ನೋವನ್ನು ಹಾಗೆ ಕೂಡಿಡಬೇಕಾಗಿಲ್ಲ. ಡಾಕ್ಟರಿಗೆ ‘ಅಷ್ಟೇನಿಲ್ಲ’ ಅನ್ನದೆ ಇದ್ದದ್ದು ಇದ್ದಹಾಗೆ ಹೇಳಿ.

ರಾತ್ರಿ ಎರಡಕ್ಕ ಎಚ್ಚರ ಆಗ್ತದ. ಆಮ್ಯಾಲೆ ಬೆಳಗಾಗೋದೇ ಇಲ್ಲ. ಏನ್ ಮಾಡ್ಬೇಕ್ರಿ?

ಮೊದಲು ಸಾದಾ ಕಾರಣ ನೋಡಿ. ಸಂಜೆ ಆರರ ಚಹಾ, ಮಧ್ಯಾಹ್ನದ ಎರಡು ತಾಸು ನಿದ್ದೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ನುಂಗುವುದು. ಮಾತ್ರೆಯ ಹೊತ್ತು ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ.

ಆಮೇಲೂ ಎಚ್ಚರವಾದರೆ, ಕಾವಲುಗಾರರು ಬೆಳಗನ್ನು ಎದುರುನೋಡುವುದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ಕರ್ತನನ್ನು ಎದುರುನೋಡುತ್ತದೆ ಅಂತ 130ನೇ ಕೀರ್ತನೆಯಲ್ಲಿದೆ. ಬಹಮನಿ ಕಾಲದಲ್ಲಿ ನಮ್ಮ ಕೋಟೆಯ ಬುರುಜಿನ ಮೇಲೆ ಚಳಿಗೆ ಕಂಬಳಿ ಹೊದ್ದು ನಿಂತವನ ಹಾಗೆ ಅಂದುಕೊಳ್ಳುತ್ತೇನೆ. ನಾನು ಮಾಡುವುದು ಇಷ್ಟು: ನಮ್ಮ ಗಲ್ಲಿಯ ಮನೆಗಳನ್ನು ಒಂದು ಕಡೆಯಿಂದ ಎಣಿಸುತ್ತಾ ಹೋಗುತ್ತೇನೆ. ಮೂಲೆಯ ಕಿರಾಣಿ ಅಂಗಡಿ, ಪಕ್ಕದ ಖಾಲಾ, ಅವರ ಮಗನ ಕೆಲಸ, ಎದುರುಮನೆಯ ಬಾಣಂತಿ, ಮೇಲಿನ ಮನೆಯ ಜಗಳ. ಒಂದೊಂದು ಬಾಗಿಲಿಗೆ ಒಂದೊಂದು ಸಾಲು. ಒಂಬತ್ತನೇ ಮನೆಗೆ ಹೋಗುವುದರೊಳಗೆ ನಿದ್ದೆ ಬರುತ್ತದೆ, ಇಲ್ಲವೇ ಆಜಾನ್ ಆಗುತ್ತದೆ. ಒಂಬತ್ತರಿಂದಾಚೆ ಇರುವವರಿಗೆ ಅನ್ಯಾಯವಾಗುತ್ತಿದೆ ಅಂತ ಈಗ ಕೆಲವು ದಿನ ಆ ಕಡೆಯಿಂದ ಶುರು ಮಾಡುತ್ತೇನೆ.

‘ಯಪ್ಪಾ, ಕರ್ಕೊಂಡ್ ಬಿಡು’ ಅಂತ ಬೇಡ್ಲಕತ್ತೀನಿ. ಇದು ತಪ್ಪಾ?

ಪ್ರವಾದಿ ಎಲೀಯನೂ ಹಾಗೇ ಬೇಡಿದ. ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂದ. ಓದುವಾಗೆಲ್ಲ ನನ್ನ ಕಣ್ಣಿಗೆ ಅದು ನಮ್ಮ ಔರಾದ್ ದಾರಿಯ ಜಾಲಿ ಗಿಡವೇ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ಮಲಗಲು ಬಿಟ್ಟರು. ದೂತ ಮುಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ಪ್ರಶ್ನೆ, ಮಾತು, ಮುಂದಿನ ಕೆಲಸ ಎಲ್ಲ ಆಮೇಲೆ.

ತುಂಬು ವಯಸ್ಸಿನಲ್ಲಿ ಸಾಕಾಯಿತು ಅನ್ನುವುದು ಬೇರೆ. ಸಿಮೆಯೋನ ಕೂಸು ಯೇಸುವನ್ನು ಎತ್ತಿಕೊಂಡು ಇನ್ನು ಸಮಾಧಾನದಿಂದ ಹೋಗುತ್ತೇನೆ ಅಂದದ್ದು ಅಂಥದು. ಆದರೆ ಊಟ ಸೇರುವುದಿಲ್ಲ, ಯಾರ ಜೊತೆಗೂ ಮಾತು ಬೇಡ, ಸುಮ್ಮನೆ ಅಳು ಬರುತ್ತದೆ, ಮಾತ್ರೆಗಳನ್ನು ಒಟ್ಟಿಗೇ ನುಂಗಿಬಿಡೋಣ ಅನ್ನಿಸುತ್ತದೆ ಅಂದರೆ ಅದು ಖಿನ್ನತೆ ಇರಬಹುದು. ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ ಅಂತ ತಳ್ಳಿಹಾಕಬೇಡಿ, ಅದಕ್ಕೆ ಔಷಧವಿದೆ, ಗುಣವಾಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯವರು ಅಂಥ ಮಾತು ಕೇಳಿದರೆ ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮುಂದಿನ ವಾರ ಅನ್ನಬೇಡಿ.

ವಯಸ್ಸಿನಾಗ ಪ್ರಾರ್ಥನಾ ಮಾಡ್ಲಿಲ್ಲ, ಕುಡುದು ತಿರುಗಿದೆ. ಈಗ ಶುರು ಮಾಡಿದ್ರ ದೇವ್ರು ನಗ್ತಾನೇನೋ?

ಸತ್ಯವೇದದ ಪ್ರಸಂಗಿ ಎಂಬ ಪುಸ್ತಕದ 12ನೇ ಅಧ್ಯಾಯದಲ್ಲಿ ಮುಪ್ಪಿನ ವರ್ಣನೆ ಇದೆ. ಅರೆಯುವವರು ಕಡಿಮೆಯಾಗುತ್ತಾರೆ, ಅಂದರೆ ಹಲ್ಲು. ಕಿಟಕಿಯಲ್ಲಿ ನೋಡುವವರು ಮಂಕಾಗುತ್ತಾರೆ, ಅಂದರೆ ಕಣ್ಣು. ಇದೆಲ್ಲ ಬರುವ ಮುನ್ನ, ಯೌವನದಲ್ಲೇ ಸೃಷ್ಟಿಕರ್ತನನ್ನು ನೆನೆ ಅನ್ನುತ್ತದೆ. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿದ್ದ ಬಸವಣ್ಣನವರ ವಚನವೊಂದೂ ಹಲ್ಲು ಹೋಗಿ, ಬೆನ್ನು ಬಾಗಿ, ಕೋಲು ಹಿಡಿಯುವ ಮುನ್ನ ಪೂಜಿಸು ಅನ್ನುತ್ತದೆ. ಮೂವತ್ತು ವರ್ಷ ಆ ವಚನವನ್ನು ಏಳನೇ ಕ್ಲಾಸಿಗೆ ಹೇಳಿಕೊಟ್ಟಿದ್ದೇನೆ. ಆಗ ನನ್ನ ತಲೆಯಲ್ಲಿ ಬರಲೇ ಇಲ್ಲ, ಈ ‘ಮುನ್ನ’ ದಾಟಿ ಹೋದವರು ಏನು ಮಾಡಬೇಕು ಅಂತ.

ಯೇಸು ಹೇಳಿದ ಒಂದು ಕಥೆಯಲ್ಲಿ, ಸಂಜೆ ಐದಕ್ಕೆ ದ್ರಾಕ್ಷಿತೋಟಕ್ಕೆ ಬಂದವರಿಗೂ ಯಜಮಾನ ಬೆಳಗಿನಿಂದ ದುಡಿದವರಷ್ಟೇ ಕೂಲಿ ಕೊಟ್ಟ. ಬೆಳಗಿನಿಂದ ದುಡಿದವರು ಗೊಣಗಿದರು. ನಿಮ್ಮನ್ನು ನೋಡಿ ಸಭೆಯಲ್ಲೂ ಯಾರೋ ಗೊಣಗಬಹುದು, ಗೊಣಗಲಿ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಉಳಿದದ್ದು ಕೆಲವೇ ತಾಸು, ಅವನು ಯೇಸುವಿನ ಹತ್ತಿರ ಬೇಡಿದ್ದು ಒಂದೇ ಮಾತು, ನನ್ನನ್ನು ನೆನೆಸಿಕೋ ಅಂತ. ಕುಡಿದು ತಿರುಗಿದ ದಿನಗಳಲ್ಲಿ ಮನೆಯವರಿಗೆ ಏನಾಯಿತು ಅನ್ನುವುದು ಬೇರೆ ಲೆಕ್ಕ. ಅದನ್ನು ದೇವರ ಹತ್ತಿರ ಮಾತ್ರ ಅಲ್ಲ, ಅವರ ಹತ್ತಿರವೂ ಹೇಳಬೇಕು. ಬದುಕಿದ್ದಾಗಲೇ.

ಮಕ್ಕಳಿಗಿ ಭಾರ ಆಗ್ಯೀನಿ ಅನಸ್ತದ.

ಇದು ಪ್ರಶ್ನೆಯಲ್ಲ, ಆದರೂ ಎಲ್ಲರೂ ಹೇಳುತ್ತಾರೆ. ನಮ್ಮ ಮಕ್ಕಳು ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ನಾವು ಅವರ ಫ್ಲ್ಯಾಟಿಗೆ ಹೋದರೆ ಉಸಿರು ಕಟ್ಟುತ್ತದೆ, ಅವರು ಇಲ್ಲಿಗೆ ಬಂದರೆ ಅವರ ಹೊಟ್ಟೆಪಾಡು ನಡೆಯುವುದಿಲ್ಲ.

ಯೇಸು ತಮ್ಮ ಶಿಷ್ಯ ಪೇತ್ರನಿಗೆ ಹೇಳಿದ ಮಾತು ಯೋಹಾನ 21ರಲ್ಲಿದೆ: ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟಬಂದ ಕಡೆ ತಿರುಗಾಡುತ್ತಿದ್ದೆ, ಮುದುಕನಾದಾಗ ನೀನು ಕೈ ಚಾಚುವಿ, ಬೇರೊಬ್ಬರು ನಿನ್ನ ನಡುಕಟ್ಟುವರು. ಅದು ಪೇತ್ರನ ಸಾವಿನ ಬಗ್ಗೆ ಹೇಳಿದ್ದು ಅಂತ ಮುಂದಿನ ವಚನವೇ ತಿಳಿಸುತ್ತದೆ. ಆದರೆ ನನ್ನ ಗಂಡನಿಗೆ ಲುಂಗಿ ಕಟ್ಟುವಾಗ ನನಗೆ ದಿನಾ ಅದೇ ನೆನಪಾಗುತ್ತಿತ್ತು. ಆ ಮಾತಿನ ಬೆನ್ನಿಗೇ ಯೇಸು ‘ನನ್ನನ್ನು ಹಿಂಬಾಲಿಸು’ ಅಂದರು. ಕೈ ಚಾಚಿ ಕಟ್ಟಿಸಿಕೊಳ್ಳುತ್ತಲೂ ಹಿಂಬಾಲಿಸಬಹುದು ಅಂತಾಯಿತು. ಕೊಟ್ಟು ರೂಢಿಯಾದ ಕೈಗೆ ತೆಗೆದುಕೊಳ್ಳುವುದು ಬಹಳ ಕಷ್ಟ. ನನಗೂ ಇನ್ನೂ ಬಂದಿಲ್ಲ. ಮಗ ದುಡ್ಡು ಕಳಿಸಿದರೆ ಮೂರು ದಿನ ಮುಖ ಗಂಟು ಹಾಕಿಕೊಂಡಿರುತ್ತೇನೆ.

ಕಣ್ಣು ಮಂದಾಗ್ಯಾವ, ಸತ್ಯವೇದ ಓದ್ಲಿಕ್ಕೆ ಬರಲ್ಲ.

ಪೊರೆ ಇದ್ದರೆ ಆಪರೇಷನ್ ಮಾಡಿಸಿ, ಹೆದರಬೇಡಿ. ಮೊಬೈಲಿನಲ್ಲಿ ಕನ್ನಡ ಸತ್ಯವೇದವನ್ನು ಓದಿ ಹೇಳುವ ಆಪ್‌ಗಳಿವೆ, ಮೊಮ್ಮಕ್ಕಳಿಗೆ ಹೇಳಿದರೆ ಹಾಕಿಕೊಡುತ್ತಾರೆ. ಇಡೀ ಸತ್ಯವೇದ ಕನ್ನಡದಲ್ಲಿ ಮೊದಲು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ, ಜಾನ್ ಹ್ಯಾಂಡ್ಸ್ ಎಂಬವರ ಕೆಲಸ. ನಮ್ಮ ಕಡೆ ನಿಜಾಮರ ಕಾಲದಲ್ಲಿ ಮಿಷನ್ ಬಂದಾಗ ಹಳ್ಳಿಯಲ್ಲಿ ಓದು ಬಲ್ಲವರು ಎಷ್ಟು ಜನ? ಆ ತಲೆಮಾರು ಕಿವಿಯಲ್ಲೇ ನಂಬಿತು.

ಚರ್ಚಿಗೆ ಬರ್ಲಿಕ್ಕೆ ಆಗಲ್ಲ. ಪ್ರಭು ಭೋಜನ ತಪ್ಪಿ ವರ್ಷ ಆಯ್ತು.

ಪಾಸ್ಟರಿಗೆ ಹೇಳಿ ಕಳಿಸಿ, ಆ ರೊಟ್ಟಿ, ದ್ರಾಕ್ಷಾರಸವನ್ನು ಮನೆಗೇ ತಂದುಕೊಡುತ್ತಾರೆ. ಕೇಳದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ. ಕಥೋಲಿಕರಲ್ಲಿಯೂ ಗುರುಗಳು ಪರಮ ಪ್ರಸಾದವನ್ನು ಮನೆಗೆ ತರುತ್ತಾರೆ. ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಸಾಯುವವರಿಗೆ ಮಾತ್ರ ಅಂತ ಹೆದರುವವರಿದ್ದಾರೆ, ಹಾಗಲ್ಲ. ಇಳಿವಯಸ್ಸಿನ ನಿತ್ರಾಣಕ್ಕೂ, ದೊಡ್ಡ ಆಪರೇಷನ್‌ಗೆ ಮುಂಚೆಯೂ ಅದನ್ನು ಕೇಳಬಹುದು.

ನಾ ಸೊಸಿ. ಅತ್ತಿಯವರನ್ನ ನೋಡ್ಕೊಂಡು ನೋಡ್ಕೊಂಡು ನನ್ನ ಪ್ರಾರ್ಥನಾನೇ ನಿಂತು ಹೋಗ್ಯಾದ. ಯಾವಾಗ ಮುಗೀತದಪ್ಪಾ ಅನಸ್ತದ, ಆಮ್ಯಾಲೆ ಅಳು ಬರ್ತದ.

ಇದನ್ನು ಕೇಳಿದ್ದು ಅಡುಗೆಮನೆಯಲ್ಲಿ, ಕುಕ್ಕರ್ ಸೀಟಿ ಹೊಡೆಯುವಾಗ, ಯಾರಿಗೂ ಕೇಳದ ಹಾಗೆ. ನನಗೂ ಹಾಗೆ ಅನ್ನಿಸಿತ್ತು ಅಂದೆ. ಅನ್ನಿಸಿತ್ತು, ಒಂದಲ್ಲ ಹತ್ತು ಸಲ. ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಕರೆಂಟಿಲ್ಲದ ಒಂದು ರಾತ್ರಿ ಬೀಸಣಿಗೆ ಬೀಸುತ್ತಾ ಬೀಸುತ್ತಾ ‘ಸಾಕು ಮಾಡು’ ಅಂದಿದ್ದೆ. ಯಾರಿಗೆ ಸಾಕು ಮಾಡು ಅಂದೆನೋ, ಅವರಿಗೋ ನನಗೋ, ನನಗೇ ತಿಳಿದಿರಲಿಲ್ಲ. ಮುಂಜಾನೆ ಎದ್ದು ಅವರ ಮೈ ಒರೆಸಿದೆ.

ವಾರಕ್ಕೆ ಎರಡು ತಾಸು ನಿನ್ನ ಬದಲು ಯಾರಾದರೂ ಕೂರಲಿ. ಸಭೆಯ ಮಹಿಳಾ ಸಂಘದವರಿಗೆ ಹೇಳಲು ನಾಚಿಕೆಯಾದರೆ ನಾನು ಹೇಳುತ್ತೇನೆ. ಆ ಎರಡು ತಾಸು ಪ್ರಾರ್ಥನೆ ಮಾಡಲೇಬೇಕೆಂದಿಲ್ಲ. ತವರಿಗೆ ಹೋಗು, ಸೀರೆ ಅಂಗಡಿಗೆ ಹೋಗು, ಬಾಗಿಲು ಹಾಕಿಕೊಂಡು ಮಲಗು.

ನಮ್ಮ ಮನಿಗೂ ಬರ್ತೀರಾ?

ಬರುತ್ತೇನೆ. ಮಂಗಳವಾರ, ಶುಕ್ರವಾರ, ಬಿಸಿಲು ಇಳಿದ ಮೇಲೆ. ಮನೆ ಮೊದಲನೇ ಮಹಡಿಯ ಮೇಲಿದ್ದರೆ ಮುಂಚೆಯೇ ತಿಳಿಸಿ, ಮೆಟ್ಟಿಲು ಹತ್ತಲು ನನಗೆ ಹೊತ್ತು ಹಿಡಿಯುತ್ತದೆ. ನನ್ನ ಬಲಗಡೆ ಕುಳಿತು ಮಾತಾಡಿ, ಆ ಕಿವಿ ಸರಿಯಿದೆ. ಇಲ್ಲಿನ ವಾಯುನೆಲೆಯ ವಿಮಾನಗಳು ಹಾರುವ ಹೊತ್ತಿನಲ್ಲಿ ಅದೂ ಕೇಳುವುದಿಲ್ಲ, ಆಗ ಇಬ್ಬರೂ ಸುಮ್ಮನೆ ಕೂರೋಣ. ಚಹಾಕ್ಕೆ ಸಕ್ಕರೆ ಬೇಡ.